ನೀರು ಬಿಟ್ಟವನ ಮೇಲಿನ ಸಿಟ್ಟು

“ಯಾರು... ಯಾರು ಬಿಟ್ಟಿದ್ದು ಈ ನೀರು?!”

ದೀಪಿಕಾ ಕೂಗಿದ ಕೂಗಿಗೆ ಬದುವಿನ ಮೇಲಿದ್ದ ಕೊಕ್ಕರೆಗಳೆಲ್ಲ ಒಮ್ಮೆಲೇ ಹಾರಿದವು.

ಇಟಲಿ ದೇಶದ ವೆರ್ಚೆಲ್ಲಿ ಸೀಮೆ. ಬೆಳಗಿನ ಏಳು ಗಂಟೆ. ದೂರದಲ್ಲಿ ಹಿಮ ಹೊತ್ತ ಬೆಟ್ಟ. ಈಚೆಗೆ ಕಣ್ಣು ಹಾಯುವತನಕ ಭತ್ತದ ಗದ್ದೆ. ಅದರ ನಡುವೆ ದೀಪಿಕಾಳವು ಮೂರೇ ಮೂರು ಮಡಿ. ಕೃಷಿ ಓದಲು ಬಂದವಳಿಗೆ ಕಾಲೇಜಿನವರು ಪ್ರಯೋಗಕ್ಕೆಂದು ಕೊಡಿಸಿದ ಮಡಿ. ಅರ್ಧ ನೀರಿನಲ್ಲಿ ಭತ್ತ ಬೆಳೆದು ತೋರಿಸುತ್ತೇನೆಂದು ಅವಳು ಒಣನೆಲದಲ್ಲಿ ಕೂರಿಗೆಯಲ್ಲಿ ಬಿತ್ತಿದಂತೆ ಸಾಲು ಹಿಡಿದು ಬಿತ್ತಿದ್ದಳು. ನಲವತ್ತು ದಿನ ಕಾಲುವೆಯ ಒಂದು ಹನಿ ಸೋಕದಂತೆ ಕಾದಿದ್ದಳು.

ಇಂದು ಮೊದಲ ಮಡಿಯಲ್ಲಿ ಪಾದ ಮುಳುಗುವಷ್ಟು ನೀರು!

ತುಸು ದೂರದಲ್ಲಿ ಒಬ್ಬ ಯುವಕ, ಹೆಗಲ ಮೇಲೆ ಸಲಿಕೆ, ಮೊಣಕಾಲುದ್ದದ ರಬ್ಬರ್ ಬೂಟು. ನಗುತ್ತಿದ್ದ! ಪುಣ್ಯದ ಕೆಲಸ ಮಾಡಿ ಬಂದವನ ಹಾಗೆ ನಗುತ್ತಿದ್ದ!

ಇಟಲಿ ಭಾಷೆಯಲ್ಲಿ ಬೈದಳು. ನಕ್ಕ. ಇಂಗ್ಲಿಷಿನಲ್ಲಿ ಬೈದಳು. ಪೈರಿನ ಕಡೆ ಕೈ ಮಾಡಿ ಇನ್ನಷ್ಟು ನಕ್ಕ.

“ನಿನ್ನ ಕೈ ಸೇದಿ ಹೋಗ್ಲಿ, ಹಾಳಾದವನ!”

ಅವನ ಹೆಗಲಿನಿಂದ ಸಲಿಕೆ ಜಾರಿ ಬಿತ್ತು.

“ಅಯ್ಯ! ನಮ್ಮ ಕಡೇದವ್ರೇನ್ರಿ ನೀವು? ಯಾವೂರ್ರಿ ನಿಮ್ದು?”

“ನನ್ನ ಗದ್ದಿ ಮುಣಗಿಸಿ ಊರು ಕೇಳ್ತೀಯೇನಲೇ!”

“ಮುಣಗಿಸಿಲ್ರಿ, ಉಳಿಸೀನಿ. ನೆಲ ಬಿರಕ ಬಿಟ್ಟಿತ್ತು. ಪೈರು ಬಾಯಿ ಬಿಡಾಕತ್ತಿತ್ತು. ನೆಲ್ಲು ಒಣಗೋದು ನೋಡ್ಕೊಂತ ಸುಮ್ನ ಹ್ಯಾಂಗ ಹೋಗ್ಲಿ? ನಮ್ಮೂರಾಗ ಹಂಗ ಹೋದ್ರ ಮಂದಿ ಮುಖದ ಮ್ಯಾಲೆ ಉಗಳ್ತಾರ.”

“ಒಣಗ್ಲಿ ಅಂತನ ಬಿಟ್ಟಿದ್ದೆ!”

“ನೆಲ್ಲ? ಒಣಗ್ಲಿ ಅಂತ?” ಅವನು ಅವಳನ್ನು ಅಡಿಯಿಂದ ಮುಡಿಯತನಕ ನೋಡಿದ. “ಮೈಯಾಗ ಆರಾಮ ಐತಿ ಹೌದಲ್ರಿ?”

“ಯಾವೂರಲೇ ನಿಂದು, ಹಂಗ ಉಗುಳೋ ಊರು?”

“ಮರಳಿ ರೀ. ಗಂಗಾವತಿ ಹತ್ರ. ಯಂಕೇಶ ಅಂತ.”

ಮರಳಿ!

ದೀಪಿಕಾಳ ಮೈಯೆಲ್ಲ ಉರಿಯಿತು. ಅವಳ ಊರೂ ಮರಳಿಯ ಕಾಲುವೆಯ ಮೇಲೆಯೇ ಇತ್ತು. ಆದರೆ ತುದಿಯಲ್ಲಿ. ನೀರು ಮೊದಲು ಮರಳಿಯ ಗದ್ದೆಗಳಿಗೆ, ಉಳಿದರೆ ಕೆಳಗಿನವರಿಗೆ. ಅವಳು ಏಳನೇ ಇಯತ್ತೆಯಲ್ಲಿದ್ದಾಗ ಅವಳ ಅಪ್ಪ ತಿರುಪತಿ ಮರಳಿಯ ಕಾಲುವೆ ದಂಡೆಯ ಮೇಲೆ ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದ. ಒಂದು ದಿನ ನೀರು ಬಿಡಿರೆಂದು ಬೇಡಿದ್ದ. “ತಿರುಪತಿ, ಮ್ಯಾಲಿನವ್ರು ಕುಡಿದ ಮ್ಯಾಲೆ ಕೆಳಗಿನವ್ರಿಗೆ” ಎಂದು ಅಲ್ಲಿದ್ದವರು ನಕ್ಕಿದ್ದರು. ಅಪ್ಪನ ಬೆರಳು ಹಿಡಿದು ನಿಂತಿದ್ದ ಮಗಳು ಆ ನಗು ಮರೆತಿರಲಿಲ್ಲ. ಆ ವರ್ಷ ಅವರ ಗದ್ದೆಯ ತೆನೆಯೆಲ್ಲ ಜೊಳ್ಳು.

ಅರ್ಧ ನೀರಿನ ಭತ್ತ ಅವಳಿಗೆ ಬರೀ ಪರೀಕ್ಷೆಯ ಮಾತಾಗಿರಲಿಲ್ಲ.

“ನಮಗ ಬೇಕಾದಾಗ ಹನಿ ಬಿಡಲಿಲ್ಲ, ಬ್ಯಾಡಾದಾಗ ಸಮುದ್ರ ದಾಟಿ ಬಂದು ಸುರೀತೀರಿ! ಗೇಟು ಎತ್ತೋದು ನಿಮ್ಮ ರಕ್ತದಾಗ ಐತಿ!”

ಯಂಕೇಶ ಮಡಿಗಿಳಿದ. ಸಲಿಕೆ ಎತ್ತಿಕೊಂಡು ಬದು ಕಡಿದು ನೀರು ಹೊರಗೆ ಬಿಟ್ಟ. ಉಳಿದದ್ದನ್ನು ಬಕೆಟ್ಟಿನಿಂದ ಎತ್ತಿ ಎತ್ತಿ ಹಾಕಿದ. ಮಧ್ಯಾಹ್ನದತನಕ.

ಆದರೆ ಕುಡಿದ ನೀರನ್ನು ನೆಲ ವಾಪಸು ಕೊಡುತ್ತದೆಯೇ?

ಕಾಲೇಜಿನ ಪ್ರೊಫೆಸರಮ್ಮ ಬಂದು ನೋಡಿ ತಲೆ ಅಲ್ಲಾಡಿಸಿದರು.

“ಎರಡು ಮಡಿ ಉಳಿದಿದೆ. ಇನ್ನೊಂದು ಹೋದರೆ ಈ ವರ್ಷದ್ದು ಮುಗಿಯಿತು. ಒಂದೇ ಮಡಿಯ ಮಾತನ್ನು ಯಾರೂ ನಂಬುವುದಿಲ್ಲ, ದೀಪಿಕಾ.”

*

ಆ ಮಡಿಗಳ ಸುತ್ತಲಿನ ಜಮೀನೆಲ್ಲ ಎಟ್ಟೋರೆ ಎಂಬ ಮುದುಕನದು. ಗಂಗಾವತಿಯಲ್ಲಿ ಭತ್ತ ಕಟಾವಿನ ಯಂತ್ರ ಓಡಿಸುತ್ತಿದ್ದ ಯಂಕೇಶ ಅವನ ಗದ್ದೆಗಳಿಗೆ ನೀರು ಕಟ್ಟುವ ಕೆಲಸಕ್ಕೆ ಬಂದಿದ್ದ. ಒಂಬತ್ತು ತಿಂಗಳ ಪರವಾನಿಗೆ, ಅದೂ ಎಟ್ಟೋರೆಯ ಹೆಸರಿನ ಮೇಲೆ.

ಮರುದಿನದಿಂದ ಅವನು ಸಂಜೆಯ ಕೆಲಸ ಮುಗಿಸಿ ಅವಳ ಮಡಿಗೆ ಬರತೊಡಗಿದ. ಕಳೆ ಕೀಳುತ್ತಿದ್ದ. ಅವಳು ಸಾಲು ಅಳೆದು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ.

“ನಾ ಕರದಿಲ್ಲ ನಿನ್ನ.”

“ಗೊತ್ತೈತ್ರಿ. ನೀವು ಬೈಕೊಂತ ಇರ್ರಿ, ನಾ ಕಳೆ ಕೀಳ್ತೀನಿ. ಎರಡೂ ಕೆಲಸ ಆಕ್ಕಾವು.”

ಅವಳಿಗೆ ನಗು ಬಂತು. ಮುಖ ತಿರುಗಿಸಿದಳು.

“ಇವ್ರ ಅನ್ನ ಉಂಡೀರೇನ್ರಿ?” ಎಂದ ಇನ್ನೊಂದು ದಿನ. “ಅಕ್ಕಿ ಬೇಯೋ ಮೊದಲ ಇಳಸ್ತಾರ. ನಮ್ಮವ್ವ ಕಂಡ್ರ ಒಲಿ ಮುಂದಿಂದ ಎಬ್ಬಿಸಿ ಕಳಸ್ತಾಳ.”

ಅವತ್ತು ನಗು ತಡೆಯಲಾಗಲಿಲ್ಲ.

ಛೇ... ಮರಳಿಯವನ ಮಾತಿಗೆ ನಗ್ತೀನಲ್ಲ ನಾನು! ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಜುಲೈ ಮೊದಲ ಭಾನುವಾರ, ಅವನೇ ಕರೆದ ಮೇಲೆ, ಇಬ್ಬರೂ ರೈಲು ಹತ್ತಿ ಓರ್ತಾ ಎಂಬ ಊರಿಗೆ ಹೋದರು. ಬೆಟ್ಟದ ಮಡಿಲಲ್ಲಿ ನೀಲಿ ಸರೋವರ, ನಡುವೆ ಗುಂಡನೆಯ ನಡುಗಡ್ಡೆ. ಕಲ್ಲು ಹಾಸಿದ ಕಿರಿದಾದ ಓಣಿಗಳು. ಮಹಡಿಯಿಂದ ಮಹಡಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ್ದರು. ದೋಣಿಯವನು ಇಬ್ಬರನ್ನೂ ನೋಡಿ, “ಗಂಡ ಹೆಂಡತಿಯೇ?” ಎಂದು ಕೇಳಿದ.

“ಅಲ್ಲ!” ಎಂದಳು ದೀಪಿಕಾ, ಬೇಕಾದ್ದಕ್ಕಿಂತ ಜೋರಾಗಿ.

“ಒಂದೇ ಕಾಲುವೆಯವರು,” ಎಂದ ಯಂಕೇಶ, ತನ್ನ ಮುರುಕು ಇಟಲಿ ಭಾಷೆಯಲ್ಲಿ.

ದೋಣಿಯವನಿಗೆ ಏನೂ ತಿಳಿಯಲಿಲ್ಲ. ದೀಪಿಕಾಳಿಗೆ ತಿಳಿಯಿತು. ಅವಳು ನೀರಿನತ್ತ ನೋಡುತ್ತ ಕುಳಿತಳು.

ಸೋಮವಾರ ಬೆಳಿಗ್ಗೆ ಎರಡನೇ ಮಡಿಯಲ್ಲಿ ನೀರು ನಿಂತಿತ್ತು.

*

“ನನ್ನನ್ನ ಊರು ತಿರುಗಿಸಿ, ಹಿಂದಿಂದ ನೀರು ಬಿಡಿಸಿದಿ!”

“ನಾ ಬಿಟ್ಟಿಲ್ರಿ. ಮೊದಲನೇದು ನಾನ. ಇದು ನಾನಲ್ಲ.”

“ನಿಮ್ಮ ಮುದುಕಗ ಈ ಒಣಗದ್ದಿ ಕಂಡ್ರ ಆಗಂಗಿಲ್ಲ ಅಂತ ಮೊನ್ನೆ ನೀನ ಹೇಳಿದಿ!”

“ಚೇಷ್ಟಿಗೆ ಹೇಳಿದ್ದೆರಿ...”

“ಮರಳಿಯವ್ರ ಚೇಷ್ಟಿ ನನಗ ಸಣ್ಣಾಕಿ ಇದ್ದಾಗಿಂದ ಗೊತ್ತೈತಿ!”

ಅವನ ಮುಖ ಕಪ್ಪಿಟ್ಟಿತು.

ಅವಳು ನಿಲ್ಲಲಿಲ್ಲ. ನೇರ ಪ್ರೊಫೆಸರಮ್ಮನ ಕೋಣೆಗೆ ಹೋಗಿ ಅವನ ಹೆಸರು ಹೇಳಿದಳು. ಅವರು ಎಟ್ಟೋರೆಗೆ ಫೋನು ಮಾಡಿದರು. ಕಾಲೇಜಿನವರ ಜೊತೆ ಜಗಳ ಯಾಕೆಂದು ಮುದುಕ ಆಳನ್ನೇ ಬಿಡಿಸಿದ. ಕೆಲಸ ಹೋದ ಮೇಲೆ ಪರವಾನಿಗೆಯೂ ಹೋಯಿತು. ಗುರುವಾರ ಯಂಕೇಶ ಒಂದು ಬ್ಯಾಗು ಹಿಡಿದು ರೈಲು ಹತ್ತಿದ.

ಅವಳು ಸ್ಟೇಷನ್ನಿಗೆ ಹೋಗಲಿಲ್ಲ. ಯಾಕ ಹೋಗ್ಲಿ? ಎಂದು ಬದುವಿನ ಮೇಲೆ ಕುಳಿತು ಅತ್ತಳು. ಸಿಟ್ಟಿಗೆ ಅಳುತ್ತಿದ್ದೇನೆ ಎಂದೇ ಅಂದುಕೊಂಡಳು. ಎದ್ದು, ಎಟ್ಟೋರೆಯ ಗದ್ದೆಗೂ ತನ್ನ ಮಡಿಗೂ ನಡುವಿನ ಬದುವನ್ನು ಕಾಲಿನಿಂದ ಒದ್ದಳು.

ಕಾಲು ಒಳಗೆ ಹೋಯಿತು. ಮೊಣಕಾಲತನಕ.

ಹುಲ್ಲು ಸರಿಸಿ ನೋಡಿದಳು. ಈ ಕಡೆಯಿಂದ ಆ ಕಡೆಯತನಕ ಬಿಲ. ಆ ಸೀಮೆಯಲ್ಲಿ ಬೆಕ್ಕಿಗಿಂತ ದೊಡ್ಡ, ಹೆಗ್ಗಣದಂಥ ಪ್ರಾಣಿಯೊಂದಿದೆ; ಬದು ಕೊರೆಯುವುದೇ ಅದರ ಕಸುಬು. ಮುದುಕನ ಗದ್ದೆಯ ನೀರೆಲ್ಲ ಆ ದಾರಿಯಲ್ಲಿ ಬಂದಿತ್ತು.

ದೀಪಿಕಾ ಒಳಗೆ ಕೈ ಹಾಕಿ ನೋಡಿದಳು; ಮಣ್ಣು ಇನ್ನೂ ಒದ್ದೆಯಾಗಿತ್ತು.

ಅವಳ ಊರಿನಲ್ಲಿ ಏಡಿ ತೂತು ಹಾಕುತ್ತದೆ, ಇಲಿ ತೂತು ಹಾಕುತ್ತದೆ. ಗದ್ದೆಯಲ್ಲಿ ನೀರು ಹೆಚ್ಚಿದರೂ ಕಡಿಮೆಯಾದರೂ ಅಪ್ಪ ಮೊದಲು ಬದುವಿನ ಮೇಲೆ ಬಗ್ಗಿ ನಡೆಯುತ್ತಿದ್ದ. ಅವಳು ಒಮ್ಮೆಯೂ ಬಗ್ಗಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಫೋನು ಮಾಡಿದಳು. ಅವನ ಫೋನು ಬಂದ್ ಆಗಿತ್ತು.

*

ಕೊನೆಗೆ ಪ್ರೊಫೆಸರಮ್ಮನೇ ಒಂದು ದಾರಿ ತೋರಿಸಿದರು. “ನಿನ್ನ ಊರಲ್ಲೇ ಒಂದು ಬೆಳೆ ತೆಗೆದು ಲೆಕ್ಕ ಕಳಿಸು. ಆದರೆ ಕಾಲುವೆ ನೀರು ತಪ್ಪದ ಜಾಗ ಬೇಕು. ನೀರಿದ್ದೂ ಕಡಿಮೆ ಬಳಸಿದೆ ಅಂತ ತೋರಿಸಬೇಕು.”

ನವೆಂಬರಿನಲ್ಲಿ ಅವಳು ಊರಿಗೆ ಬಂದಳು. ಅಪ್ಪನಿಗೆ ಎಲ್ಲ ಹೇಳಿದಳು.

ತಿರುಪತಿ ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡ. “ನಮ್ಮ ಗದ್ದಿಗೆ ನೀರು ಬರೋದ ಖಾತ್ರಿ ಇಲ್ಲವ್ವಾ. ಅರ್ಧ ನೀರು ಅಂತಿ. ಯಾವುದರ ಅರ್ಧ?” ಎಂದ. ಆಮೇಲೆ ಬೇರೆ ಕಡೆ ನೋಡುತ್ತ ಹೇಳಿದ, “ಆ ಹುಡುಗನ ಅನ್ನ ಕಳದೀ. ಮೊದಲ ಅಲ್ಲಿಗೆ ಹೋಗು.”

ಮರಳಿಯಲ್ಲಿ ಬಸ್ಸಿಳಿದು ಚಹಾದಂಗಡಿಯ ಪಂಪಣ್ಣನನ್ನು ಕೇಳಿದಳು.

“ಯಂಕೇಶನ ಮನಿ ಯಾವುದ್ರಿ?”

“ಯಾವ ಯಂಕೇಶವ್ವಾ? ಒಣಗದ್ದಿ ಯಂಕೇಶನ?” ಅಲ್ಲಿದ್ದವರೆಲ್ಲ ಗೊಳ್ಳೆಂದರು. “ಇಟಲಿ ಗಾಳಿ ತಲಿಗೆ ಏರೈತಿ ಅವಗ. ಹೋಗು, ಆ ಬೇವಿನ ಗಿಡದ ಮನಿ.”

ಅವಳಿಗೆ ಅರ್ಥವಾಗಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಬಾಗಿಲಲ್ಲಿ ಯಂಕೇಶನ ತಾಯಿ ಶಾಂತಕ್ಕ ಮೊರ ಹಿಡಿದು ಕುಳಿತಿದ್ದಳು.

“ಯಾರವ್ವಾ ನೀನು?”

“ನಿಮ್ಮ ಮಗನ ಕೆಲಸ ಕಳದಾಕಿ ರೀ.”

ಶಾಂತಕ್ಕ ಮೊರ ಕೆಳಗಿಟ್ಟಳು. “ಓಹೋ... ನೀನ ಏನು ಅಕಿ? ಮನಿಯಾಗ ದಿನಾ ನಿನಗ ಬೈಗುಳ ನಡದಾವು. ಇಷ್ಟು ಸಣಕಲಿ ಅಂತ ಗೊತ್ತಿರಲಿಲ್ಲ. ಗದ್ದ್ಯಾಗ ಅದಾನ, ಹೋಗು. ಬೈಸ್ಕೊಂಡು ಊಟಕ್ಕ ಬಾ.”

*

ಯಂಕೇಶ ಅವಳನ್ನು ಕಂಡ. ಕೈಯಲ್ಲಿನ ಕುಡುಗೋಲು ಹಾಗೆಯೇ ನಿಂತಿತು.

“ಏನ್ರಿ ಮೇಡಂ, ಇಷ್ಟು ದೂರ?”

ಆ ‘ಮೇಡಂ’ ಚಾಟಿಯಂತೆ ಬಿತ್ತು.

“ಎರಡನೇ ನೀರು ನಿಂದಲ್ಲ. ಬದುವಿನಾಗ ಬಿಲ ಇತ್ತು. ನಾ... ತಪ್ಪು ಮಾಡೀನಿ.”

“ಯಾವಾಗ ಗೊತ್ತಾತ್ರಿ?”

“ನೀ ಹೋದ ದಿನಾನ.”

“ನಾಲ್ಕು ತಿಂಗಳಾತು!”

“ನಿನ್ನ ಫೋನು ಬಂದ್ ಆಗಿತ್ತು...”

“ಮರಳಿ ಊರೂ ಬಂದ್ ಆಗಿತ್ತೇನ್ರಿ?”

ಅವಳು ತಲೆ ತಗ್ಗಿಸಿದಳು. “ನಾಚಿಕಿ ಆತು.”

ಅವನ ಸಿಟ್ಟಿನ ಕಟ್ಟೆ ಒಡೆಯಿತು.

“ರೈತನ ಮಗಳು ನೀವು! ನೀರು ಬಂತಂದ್ರ ಮೊದಲ ಬದು ನೋಡಬೇಕು, ಆಮ್ಯಾಲೆ ಮಂದಿ ಮುಖ ನೋಡಬೇಕು. ಎಮ್ಮಿ ಕಾಯೋರಿಗೂ ಗೊತ್ತೈತಿ ಅದು! ನೀವು ಬದು ನೋಡಲಿಲ್ಲ. ನನ್ನ ಊರು ನೋಡಿದ್ರಿ!”

“ಹೌದು.”

“ಒಂದು ತಿಂಗಳು ನಿಮ್ಮ ಕಳೆ ಕಿತ್ತೀನಿ. ಒಂದು ಮಾತು ಕೇಳಬಾರದಿತ್ತೇನು? ಒಂದ ಮಾತು!”

“ಹೌದು... ಇನ್ನೂ ಬೈ. ಆದ್ರ ಒಂದು ಮುಚ್ಚಿಡಂಗಿಲ್ಲ. ನನ್ನ ಓದು ಮುಗೀಬೇಕಂದ್ರ ನೀರು ತಪ್ಪದ ಗದ್ದಿ ಬೇಕು. ನಿಮ್ಮೂರಿನಂಥ ಗದ್ದಿ.”

ಅವನು ಕಹಿಯಾಗಿ ನಕ್ಕ. “ಕ್ಷಮಾ ಕೇಳಾಕ ಬಂದೀರೋ, ಗದ್ದಿ ಕೇಳಾಕ ಬಂದೀರೋ?”

“ಎರಡೂ. ಗದ್ದಿ ಕೊಡಂಗಿಲ್ಲಂದ್ರ ಬ್ಯಾಡ. ಕ್ಷಮಾ ಒಂದು ಕೊಡು.” ಅವಳು ಅಲ್ಲೇ ಬದುವಿನ ಮೇಲೆ ಕುಳಿತಳು. “ಅದಿಲ್ದ ನಾ ಬಸ್ ಹತ್ತಂಗಿಲ್ಲ.”

ಯಂಕೇಶ ಕುಡುಗೋಲನ್ನು ಬದುವಿಗೆ ಸಿಕ್ಕಿಸಿದ. ಮತ್ತೆ ಗಕ್ಕನೆ ತಿರುಗಿದ.

“ಬರ್ರಿ!”

ಬದುವಿನ ಮೇಲೆ ದಡದಡನೆ ನಡೆದ. ಅವಳು ಓಡೋಡಿ ಹಿಂದೆ ಹೋದಳು. ಕೊನೆಯ ಮಡಿಯ ಹತ್ತಿರ ಅವನು ನಿಂತ. ಅವಳೂ ನಿಂತಳು.

ಹಣ್ಣಾದ ಭತ್ತ. ತೆನೆ ಬಾಗಿತ್ತು. ಆದರೆ ಸುತ್ತಲಿನ ಗದ್ದೆಗಳಂತೆ ನಾಟಿ ಮಾಡಿದ್ದಲ್ಲ. ಗೀಟು ಎಳೆದಂತೆ ನೆಟ್ಟಗಿನ ಸಾಲು. ಕೂರಿಗೆಯ ಸಾಲು!

“ಇದು...”

“ಸಿಟ್ಟಿಗೆ ಬಿತ್ತೀನಿ.” ಅವನು ಅವಳ ಕಡೆ ನೋಡಲಿಲ್ಲ. “ಬಂದ ವಾರದಾಗ. ಅಕಿ ಹೇಳಿದ್ದು ಸುಳ್ಳು, ಒಣಗದ್ದ್ಯಾಗ ನೆಲ್ಲು ಬೆಳಿಯಂಗಿಲ್ಲ ಅಂತ ತೋರಸ್ಬೇಕಂತ ಬಿತ್ತೀನಿ. ಕಾಲುವಿ ತುಂಬಿ ಹರೀವಾಗ ಹತ್ತು ದಿನಕ್ಕೊಮ್ಮೆ ನೀರು ಕೊಟ್ಟೀನಿ. ಊರ ಮಂದಿ ನಕ್ಕರು. ನಮ್ಮವ್ವ ಅತ್ತಳು. ಒಣಗ್ಲಿ, ಒಣಗ್ಲಿ ಅಂತ ದಿನಾ ಬಂದು ನೋಡೀನಿ...”

“ಮತ್ತ?”

“ಬೆಳೀತು!” ಎಂದ, ಯಾರೋ ತನಗೆ ಮೋಸ ಮಾಡಿದಂತೆ. “ಎಕರೆಕ್ಕ ಎರಡು ಚೀಲ ಕಡಿಮಿ ಬರಬಹುದು. ನೀರು ಅರ್ಧ. ಉಳದ ನೀರು ಕೆಳಗ ಹೋಗೈತಿ.”

ಕೆಳಗೆ... ತುದಿಯ ಊರುಗಳಿಗೆ.

ದೀಪಿಕಾ ಬಗ್ಗಿ ತೆನೆಯೊಂದನ್ನು ಅಂಗೈಯಲ್ಲಿ ಹಿಡಿದಳು. ಕಾಳು ಗಟ್ಟಿಯಾಗಿತ್ತು. ಕಣ್ಣೀರು ಸುರಿಯತೊಡಗಿತು. ಅಳು ಮುಚ್ಚಲು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ.

“ಒಂದ ಮಡಿ ಮಾಡೀಯಲ್ಲೋ! ಮೂರು ಮಾಡಬೇಕಿತ್ತು! ಒಂದರ ಮಾತು ಯಾರು ನಂಬ್ತಾರ?”

“ಬ್ಯಾರೇದವ್ರ ಮಾತು ಬಿಡು. ನೀ ನಂಬ್ತೀ?”

‘ನೀ’ ಎಂದಿದ್ದ.

“ನಂಬ್ತೀನಿ,” ಎಂದಳು. “ನೀ ಹೇಳಿದ್ದೆಲ್ಲ ನಂಬ್ತೀನಿ.”

ಯಂಕೇಶ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಕೈಗೆ ಕೊಟ್ಟ. ಮುಖ ಒರೆಸಿಕೊಂಡಳು.

“ಜನವರಿಗೆ ಎರಡನೇ ಬೆಳಿ. ಮೂರು ಮಡಿ ಮಾಡೋಣ. ಆದ್ರ ದಿನಾ ಬಂದು ನೋಡಬೇಕು ನೀ.”

“ನಮ್ಮೂರಿಂದ ದಿನಕ್ಕ ಒಂದ ಬಸ್ಸು. ಅದೂ ಬಂದ್ರ ಬಂತು.”

“ಹಂಗಾರ ಇಲ್ಲೇ ಇದ್ದುಬಿಡು. ನಮ್ಮ ಮನ್ಯಾಗ.” ಅವನ ದನಿ ಇನ್ನೂ ಬಿರುಸಾಗಿಯೇ ಇತ್ತು. ಕಿವಿ ಮಾತ್ರ ಕೆಂಪೇರಿತ್ತು.

“ಹಿಂಗ ಕೇಳ್ತಾರೇನು? ಸಿಟ್ಟಿನ್ಯಾಗ?”

“ಸಿಟ್ಟು ಇಳದ್ರ ನನಗ ಕೇಳಾಕ ಧೈರ್ಯ ಆಗಂಗಿಲ್ಲ.”

ದೂರದಿಂದ ಶಾಂತಕ್ಕ ಊಟಕ್ಕೆ ಕೂಗುತ್ತಿದ್ದಳು. ಇಬ್ಬರೂ ಅಲ್ಲಾಡಲಿಲ್ಲ.

“ನಮ್ಮವ್ವಗ ಏನಂತ ಹೇಳ್ಲಿ?” ಎಂದು ಮೆಲ್ಲಗೆ ಕೇಳಿದ ಯಂಕೇಶ.

“ಇನ್ನೂ ಬೈಯಾಕತ್ತಾಳ... ಆದ್ರ ಹೂಂ ಅಂದಾಳ ಅಂತ ಹೇಳು.”