ನೀರು ಹಳೆಯದಾಗುವವರೆಗೆ

"ಪಂಪ್ ಆಫ್ ಮಾಡಿ! ರೀ, ಮೊದಲು ಆ ಪಂಪ್ ಆಫ್ ಮಾಡಿ!"

ಲೆವಿನಾ ಗುರುತು ಪರಿಚಯವಿಲ್ಲದ ಮನೆಯೊಂದರ ಕಿಟಕಿಗೆ ಎರಡೂ ಕೈಗಳಿಂದ ಬಡಿಯುತ್ತಿದ್ದಳು. ಒಳಗೆ ಬಟಾಣಿ ಸೂಪಿನ ಬಟ್ಟಲು ಹಿಡಿದು ಕೂತಿದ್ದ ಗಂಡಸು ಚಮಚವನ್ನು ಬಾಯಿಯ ಹತ್ತಿರವೇ ನಿಲ್ಲಿಸಿ, ಇವಳ್ಯಾವ ಹುಚ್ಚಿ ಎಂಬಂತೆ ನೋಡಿದ.

ಅವನಿಗೆ ಏನೂ ಕೇಳಿಸಲಿಲ್ಲ. ಆದರೂ ಎದ್ದು ಬಂದು ಬಾಗಿಲು ತೆಗೆದ. ಅಷ್ಟೇ ಸಾಕಿತ್ತು. ಅವಳು ಒದ್ದೆ ಬೂಟುಗಳಲ್ಲೇ ಒಳಗೆ ನುಗ್ಗಿ, ಅಕ್ವೇರಿಯಂನ ಹಿಂದೆ ಕೈ ಹಾಕಿ ಪ್ಲಗ್ ಕಿತ್ತಳು.

ನೀರಿನ ಸದ್ದು ನಿಂತಿತು. ಗಾಜಿನ ಗೋಡೆ ಹತ್ತಿ ಪಂಪಿನ ಬಾಯಿಯವರೆಗೂ ಬಂದಿದ್ದ ಅನಿಮೋನ್, ಅಂದರೆ ಆ ಕಡಲಹೂವು, ಇನ್ನೊಂದು ಬೆರಳಿನಷ್ಟು ಮುಂದೆ ಹೋಗಿದ್ದರೆ ಚೂರುಚೂರಾಗುತ್ತಿತ್ತು.

"ಇದು ನಡೆಯುತ್ತಾ?" ಎಂದ ಅವನು, ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ. "ಗಿಡ ಅಂದ್ಕೊಂಡಿದ್ದೆ ನಾನು."

"ಗಿಡ ಅಲ್ಲ, ಪ್ರಾಣಿ. ಜಾಗ ಹಿಡಿಸದಿದ್ರೆ ಎದ್ದು ಹೊರಡುತ್ತೆ. ಪಂಪಿನ ಬಾಯಿಗೆ ಸ್ಪಂಜು ಕಟ್ಟಬೇಕು ಅಂತ ಯಾರೂ ಹೇಳಿಲ್ವಾ ನಿಮಗೆ?"

ಯಾರೂ ಹೇಳಿರಲಿಲ್ಲ. ಅವನ ಹೆಸರು ರೂಲೋಫ್, ಕಸುಬು ಮರದ ಮೆಟ್ಟಿಲು ಮಾಡುವುದು, ಊರು ದೂರದ ಡೆವೆಂಟರ್. ಈ ಮನೆ ಅವನ ಅಕ್ಕ ಡೀನಾಳದು. ಅವಳು ಹೂಳೆತ್ತುವ ಹಡಗಿನಲ್ಲಿ ಎಂಜಿನಿಯರ್. ಚಳಿಗಾಲವಿಡೀ ಕಡಲ ಮೇಲೆ ಇರಬೇಕಾಗಿ ಬಂದಾಗ, 'ನನ್ನ ಹೂವು ಸಾಯಿಸಬೇಡ' ಎಂದಷ್ಟೇ ಹೇಳಿ, ಕೀಲಿಕೈಯನ್ನು ತಮ್ಮನ ಕೈಗಿಟ್ಟು ಹೊರಟಿದ್ದಳು.

ಎಲ್ಲ ಹೇಳಿ ಮುಗಿಸಿದ ಮೇಲೆ ಅವನು ತಲೆ ಓರೆ ಮಾಡಿ ಕೇಳಿದ. "ಅಲ್ಲಾ, ಅದು ಪಂಪಿನ ಹತ್ತಿರ ಹೋಗಿದ್ದು ನಿಮಗೆ ಹೇಗೆ ಗೊತ್ತಾಯ್ತು?"

ಲೆವಿನಾಳ ಕಿವಿ ಕೆಂಪಾಯಿತು.

ಫ್ಲಿಸಿಂಗನ್ ಎಂಬ ಈ ಕಡಲತಡಿಯ ಊರಿನ ನಮ್ಮ ಬೀದಿಯಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ದೀಪ ಹಚ್ಚಿದ ಕೋಣೆ, ಊಟದ ಮೇಜು, ಗಂಡ ಹೆಂಡಿರ ಮುನಿಸು ಎಲ್ಲವೂ ಬೀದಿಗೆ ಕಾಣುತ್ತವೆ. ಮುಚ್ಚಿಡುವಂಥದ್ದು ನಮ್ಮಲ್ಲೇನೂ ಇಲ್ಲ ಎಂದು ಹೇಳುವ ರೀತಿ ಅದು. ಆದರೆ ಹಾದುಹೋಗುವವರಿಗೂ ಒಂದು ಕಟ್ಟುಪಾಡಿದೆ. ನಡೆಯುತ್ತ ಕಣ್ಣು ಹಾಯಿಸಬಹುದು, ನಿಂತು ನೋಡಬಾರದು. ನಿಂತರೆ ಮರ್ಯಾದೆ ಹೋಯಿತು ಎಂದೇ ಲೆಕ್ಕ.

ಆಚೆ ದಡದ ಬ್ರೆಸ್ಕೆನ್ಸ್‌ಗೆ ಹೋಗಿಬರುವ ದೋಣಿಯಲ್ಲಿ ಟಿಕೆಟ್ ನೋಡುವ ಲೆವಿನಾ, ಕೆಲಸ ಮುಗಿಸಿ ಬರುವಾಗ ದಿನವೂ ಇಲ್ಲಿ ನಿಲ್ಲುತ್ತಿದ್ದಳು.

"ನಾನು ನೋಡ್ತಿದ್ದಿದ್ದು ಅದನ್ನ," ಎಂದಳು. "ನಿಮ್ಮನ್ನಲ್ಲ."

"ಸದ್ಯ," ಎಂದು ರೂಲೋಫ್ ನಕ್ಕ. ಕಾಫಿ ಕೊಟ್ಟ. ಬಿಸ್ಕತ್ತಿನ ಡಬ್ಬಿ ತೆರೆದು ಒಂದು, ಒಂದೇ ಒಂದು ಬಿಸ್ಕತ್ತು ತೆಗೆದುಕೊಳ್ಳಲು ಬಿಟ್ಟು, ಮುಚ್ಚಳ ಹಾಕಿದ. ಹೊಸಬರಿಗೆ ಇಲ್ಲಿ ಸಿಗುವ ಉಪಚಾರ ಅಷ್ಟೇ. ಲೆವಿನಾಳಿಗೆ ಬೇಸರವೇನೂ ಆಗಲಿಲ್ಲ.

ಮರುದಿನ ಅವಳೇ ಸ್ಪಂಜಿನ ತುಂಡು ತಂದುಕೊಟ್ಟಳು. ಅದರ ಮರುದಿನ ಉದ್ದನೆಯ ಚಿಮುಟ.

ರೂಲೋಫ್ ಆ ಪ್ರಾಣಿಗೆ ದಿನವೂ ಒಂದು ಇಡೀ ಸೀಗಡಿ ಹಾಕುತ್ತಿದ್ದನಂತೆ. ಅಕ್ಕನ ಹೂವು ಸೊರಗಬಾರದೆಂಬ ಪ್ರೀತಿ! ಅತಿಯಾದರೆ ಅಮೃತವೂ ವಿಷ ಎಂದು ಲೆವಿನಾ ಬೈದು ಕಲಿಸಿದಳು. ಕಿರುಬೆರಳಿನ ಉಗುರಿನಷ್ಟು ಮಸ್ಸೆಲ್ ಎಂಬ ಕಡಲಚಿಪ್ಪಿನ ಮಾಂಸ, ವಾರಕ್ಕೆ ಎರಡು ಸಲ, ಸಾಕು. ಚಿಮುಟದಲ್ಲಿ ಹಿಡಿದು, ಎಸಳುಗಳಂತೆ ಕಾಣುವ ಅದರ ತುದಿಬೆರಳುಗಳಿಗೆ ಮೆಲ್ಲಗೆ ತಾಗಿಸಬೇಕು. ಬಾಯಿಗೆ ತುರುಕಬಾರದು. ಆವಿಯಾಗಿ ಇಳಿದ ನೀರಿಗೆ ಬದಲು ಬರೀ ಸಿಹಿನೀರು ಹಾಕಬೇಕು, ಯಾಕೆಂದರೆ ನೀರು ಹಾರಿಹೋದರೂ ಉಪ್ಪು ಅಲ್ಲೇ ಉಳಿಯುತ್ತದೆ.

ಅವನು ಮಸ್ಸೆಲ್ ಚೂರನ್ನು ತಾಗಿಸಿದ. ಗುಲಾಬಿ ಗುಳ್ಳೆಗಳಂಥ ತುದಿಗಳು ಅದನ್ನು ಹಿಡಿದವು. ಒಂದೊಂದಾಗಿ ಎಲ್ಲ ಬೆರಳುಗಳೂ ಒಳಕ್ಕೆ ಮಡಚಿಕೊಂಡವು. ಅಷ್ಟರಲ್ಲಿ ಅದರ ಮಡಿಲಲ್ಲೇ ವಾಸಿಸುವ ಕಿತ್ತಳೆ ಪಟ್ಟೆಮೀನು ಬಂದು ಆ ಚೂರನ್ನು ಎಳೆಯತೊಡಗಿತು. ಡೀನಾ ಆ ಮೀನಿಗೆ ಮೇಯರ್ ಎಂದು ಹೆಸರಿಟ್ಟಿದ್ದಳು. ದುಡಿಯದೆ ತಿನ್ನುತ್ತಾನೆ ಎಂಬ ಕಾರಣಕ್ಕೆ.

"ಇದಕ್ಕೆ ನನ್ನ ಗುರುತು ಸಿಗುತ್ತಾ?" ರೂಲೋಫ್ ಕೇಳಿದ.

"ಗೊತ್ತಿಲ್ಲ."

"ನಿದ್ದೆ ಮಾಡುತ್ತಾ?"

"ಅದೂ ಗೊತ್ತಿಲ್ಲ."

"ಇದಕ್ಕೆ ವಯಸ್ಸಾಗುತ್ತಾ?"

"ಹಾಗೇನೂ ಕಾಣಲ್ಲ. ಸರಿಯಾಗಿ ನೋಡ್ಕೊಂಡ್ರೆ ನಮಗಿಂತ ಜಾಸ್ತಿ ಬಾಳಬಹುದು."

ಅವನು ಗಾಜಿಗೆ ಮೂಗು ಒತ್ತಿ ಕೂತುಬಿಟ್ಟ. ನಲವತ್ತರ ಹತ್ತಿರದ ಗಂಡಸು, ಅಂಗೈ ತುಂಬ ಉಳಿಯ ಗಾಯಗಳು, ಪ್ರಶ್ನೆ ಮಾತ್ರ ಮಕ್ಕಳ ಹಾಗೆ! ಲೆವಿನಾ ಅನಿಮೋನ್ ಬಿಟ್ಟು ಅವನನ್ನೇ ನೋಡುತ್ತಿದ್ದಳು. ಅದು ಅವಳಿಗೆ ಅರಿವಾದದ್ದು ಕಾಫಿ ಆರಿದ ಮೇಲೆ.

'ಬೇಡ ಕಣೇ,' ಎಂದು ತನಗೆ ತಾನೇ ಹೇಳಿಕೊಂಡಳು. 'ವಸಂತ ಬಂದರೆ ಅವನ ಅಕ್ಕ ಬರ್ತಾಳೆ. ಇವನು ಹೋಗ್ತಾನೆ.'

ಲೆವಿನಾಳ ಮನೆಯಲ್ಲೂ ಒಂದು ಕಾಲಕ್ಕೆ ಇಂಥದ್ದೇ ಗಾಜಿನ ತೊಟ್ಟಿಯಿತ್ತು. ಜೊತೆಗಿದ್ದವನು 'ನನಗಿಂತ ಆ ಗಾಜನ್ನೇ ಹೆಚ್ಚು ನೋಡ್ತೀಯ' ಎಂದು ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು ಹೋದ. ಅವಳು ಜೀವಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟು, ತೊಟ್ಟಿಯನ್ನು ಹಿತ್ತಲ ಶೆಡ್ಡಿನಲ್ಲಿ ಮಗುಚಿಟ್ಟಳು. ಅವತ್ತಿನಿಂದ ಬೇರೆಯವರ ಕಿಟಕಿಯಲ್ಲಿ ನೋಡುವುದಷ್ಟೇ ಅವಳ ಪಾಲು. ಬೀದಿಯವರು ಏನಂದುಕೊಂಡರೂ ಸರಿ, ನೋಡುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಇದನ್ನೆಲ್ಲ ಒಂದು ಸಂಜೆ ರೂಲೋಫ್‌ಗೆ ಹೇಳಿಬಿಟ್ಟಳು. ಅಷ್ಟು ಹೊತ್ತಿಗೆ ಅವರಿಬ್ಬರ ನಡುವೆ 'ನೀವು' ಹೋಗಿ 'ನೀನು' ಬಂದಿತ್ತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕುವುದನ್ನೂ ರೂಲೋಫ್ ಬಿಟ್ಟಿದ್ದ. ಈ ನಾಡಿನಲ್ಲಿ ತೆರೆದ ಡಬ್ಬಿಯ ಅರ್ಥ ಗೊತ್ತಿಲ್ಲದವರಿಲ್ಲ. ಲೆವಿನಾ ಅದನ್ನು ನೋಡಿಯೂ ನೋಡದಂತೆ ಇದ್ದಳು.

"ಆ ತೊಟ್ಟೀನ ಮತ್ತೆ ಇಡಬಹುದಲ್ಲ?" ಎಂದ ಅವನು. "ನೀರು ತುಂಬಿಸಿ, ಒಂದು ಅನಿಮೋನ್ ತಂದು ಬಿಟ್ರೆ ಆಯ್ತು."

"ಹೊಸ ನೀರಲ್ಲಿ ಇದು ಬದುಕಲ್ಲ. ನೀರು ಹಳೆಯದಾಗಬೇಕು. ಅರ್ಧ ವರ್ಷ ಆದ್ರೂ ಬೇಕು."

"ಅಷ್ಟು ದಿನ ಏನ್ಮಾಡೋದು?"

"ಖಾಲಿ ನೀರು ನೋಡ್ತಾ ಕೂರೋದು."

ಅವನು ಏನೋ ಹೇಳಲು ಬಾಯಿ ತೆರೆದ. ಆ ಮಾತು ಏನಿರಬಹುದೆಂದು ಲೆವಿನಾ ಹೆದರಿದಳು. ಅದಕ್ಕೇ ಅವಸರದಲ್ಲಿ ಕೋಟು ಹಾಕಿಕೊಂಡು ನಗುತ್ತ ಅಂದುಬಿಟ್ಟಳು: "ನಿನಗ್ಯಾಕೆ ಆ ಚಿಂತೆ? ಡೀನಾ ಬಂದ್ಮೇಲೆ ನಿನಗೆ ಬಿಡುಗಡೆ. ಊರಿಗೆ ಹೋಗಿ ಆರಾಮಾಗಿರು."

ರೂಲೋಫ್‌ನ ಮುಖ ಇಳಿಯಿತು. "ಹೌದು... ಬಿಡುಗಡೆ," ಎಂದ.

ಮರುದಿನ ಸಂಜೆ ಲೆವಿನಾ ಬಂದಾಗ ಆ ಕಿಟಕಿಗೆ ಪರದೆ ಎಳೆದಿತ್ತು!

ನಮ್ಮ ಬೀದಿಯಲ್ಲಿ ಪರದೆ ಎಳೆದ ಮನೆಯೆಂದರೆ ಒಳಗೆ ಸಾವು, ಇಲ್ಲವೇ ಜಗಳ. ಅಂಥ ಮನೆಯ ಕರೆಗಂಟೆ ಯಾರೂ ಒತ್ತುವುದಿಲ್ಲ. ಅವಳೂ ಒತ್ತಲಿಲ್ಲ. ಮಾರನೆಯ ಸಂಜೆಯೂ ಪರದೆ ಹಾಗೇ ಇತ್ತು.

ಎದುರುಮನೆಯ ದಿಂಗೆಮಾನ್ಸೆ ಅಜ್ಜಿ ತನ್ನ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಕೇಳದಿದ್ದರೂ ಹೇಳಿದಳು. ಆ ಹುಡುಗ ಶನಿವಾರಕ್ಕೆ ವ್ಯಾನ್ ಗೊತ್ತುಮಾಡಿದ್ದಾನಂತೆ, ಡೆವೆಂಟರ್‌ಗಂತೆ. ಡೀನಾ ಬರಲು ಇನ್ನೂ ದಿನಗಳಿವೆ, ಅಷ್ಟರೊಳಗೇ ಏನು ಅವಸರವೋ.

ಶನಿವಾರ ಅಂದರೆ ನಾಳೆ.

ಲೆವಿನಾ ಪರದೆಯತ್ತ ತಿರುಗಿ ನೋಡಿದಳು. 'ಹೇಳಿ ಹೋಗಬಾರದಿತ್ತಾ? ಒಂದು ಮಾತು... ಒಂದೇ ಒಂದು ಮಾತು.' ಆಮೇಲೆ ನೆನಪಾಯಿತು. ಅವನು ಮಾತಾಡಲು ಬಾಯಿ ತೆರೆದಾಗ ಕೋಟು ಹಾಕಿಕೊಂಡು ಓಡಿದವಳು ಯಾರು?

ಮನೆಯತ್ತ ಹತ್ತು ಹೆಜ್ಜೆ ಹೋದಳು. ನಿಂತಳು. ಹಿಂದೆ ತಿರುಗಿದಳು. ಅಜ್ಜಿ ನೋಡುತ್ತಿರುವಂತೆಯೇ, ಪರದೆ ಎಳೆದ ಆ ಮನೆಯ ಕರೆಗಂಟೆ ಒತ್ತಿದಳು.

ರೂಲೋಫ್ ಬಾಗಿಲು ತೆರೆದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು. ಅವಳನ್ನು ನೋಡಿ ಬಾಗಿಲಿಗೆ ಅಡ್ಡ ನಿಂತ.

"ಒಳಗೆ ಬರಬೇಡ, ಲೆವಿನಾ."

"ಹೋಗ್ತಾ ಇದೀಯಾ?"

"ನಾನು ಕೊಂದ್ಬಿಟ್ಟೆ ಅದನ್ನ," ಎಂದ ಅವನು. ಧ್ವನಿ ಒಡೆದಿತ್ತು. "ನೀನು ಬಿಡುಗಡೆ ಅಂತ ಹೇಳಿ ಹೋದೆಯಲ್ಲ, ಅವತ್ತು ನನ್ನ ತಲೆ ಸರಿ ಇರಲಿಲ್ಲ. ಸಿಹಿನೀರಿನ ಬದಲು ಉಪ್ಪುನೀರಿನ ಕ್ಯಾನು ಸುರಿದೆ. ಬೆಳಿಗ್ಗೆ ನೋಡಿದ್ರೆ ಅದು ಮುದುಡಿಕೊಂಡಿತ್ತು. ಈಗ ಮೈಯೇ ಹರೀತಾ ಇದೆ... ನೀನು ನೋಡಬಾರದು ಅಂತ ಪರದೆ ಎಳೆದೆ."

ಲೆವಿನಾ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಳಗೆ ಹೋದಳು.

ಅನಿಮೋನ್ ಕಲ್ಲಿನ ಮೇಲೆ ಉದ್ದಕ್ಕೆ ಎಳೆದುಕೊಂಡಿತ್ತು. ಅದರ ಪಾದದ ಒಂದು ಅಂಚು ಎಡಕ್ಕೆ, ಇನ್ನೊಂದು ಬಲಕ್ಕೆ ಹೊರಟಿತ್ತು. ನಡುವೆ ಮೈ ಸೀಳಿ ಒಳಗಿನ ಬಿಳುಪು ಕಾಣುತ್ತಿತ್ತು. ಅವಳು ಬಾಗಿ ಬಹಳ ಹೊತ್ತು ನೋಡಿದಳು. ಮೂಸಿ ನೋಡಿದಳು. ಕೊಳೆತ ವಾಸನೆಯಿಲ್ಲ. ಅವಳ ಕಣ್ಣು ತುಂಬಿ ಬಂತು, ಆದರೆ ತುಟಿಯಲ್ಲಿ ನಗುವಿತ್ತು.

"ರೂಲೋಫ್, ಇದು ಸಾಯ್ತಾ ಇಲ್ಲ. ಎರಡಾಗ್ತಾ ಇದೆ."

"ಏನು?"

"ಕಷ್ಟ ಬಂದ್ರೆ ಕೆಲವೊಮ್ಮೆ ಹೀಗೆ ಮಾಡುತ್ತೆ. ಒಂದು ಹೋದ್ರೆ ಇನ್ನೊಂದು ಉಳೀಲಿ ಅಂತಲೋ ಏನೋ. ಕೂತ್ಕೋ. ಸಿಹಿನೀರು ಇಲ್ಲಿ ಕೊಡು, ಒಂದೊಂದೇ ಲೋಟ ಹಾಕೋಣ. ಉಪ್ಪು ನಿಧಾನಕ್ಕೆ ಇಳೀಬೇಕು. ಅದನ್ನ ಮಾತ್ರ ಮುಟ್ಟಬೇಡ."

"ಉಳಿಯುತ್ತಾ?"

"ಗೊತ್ತಿಲ್ಲ," ಎಂದಳು ಅವಳು. ಅವನ ಮುಂದೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಇಬ್ಬರೂ ನೆಲದ ಮೇಲೆ ಕೂತರು. ಒಂದು ಲೋಟ ಹಾಕುವುದು, ಕಾಯುವುದು. ಕಾಫಿ ಮಾಡಿದರು, ಕುಡಿಯಲಿಲ್ಲ. ಅದು ತನ್ನನ್ನು ತಾನೇ ಎಳೆಯುವುದನ್ನು ನೋಡುತ್ತ ರೂಲೋಫ್, ನೋಯುತ್ತಾ ಅದಕ್ಕೆ ಎಂದು ಕೇಳಿದ. ಅದೂ ಅವಳಿಗೆ ಗೊತ್ತಿರಲಿಲ್ಲ. ಅವನ ಕೈ ಅವಳ ಕೈಯನ್ನು ಹಿಡಿದದ್ದು ಯಾವಾಗ ಎಂಬುದೂ ಇಬ್ಬರಿಗೂ ಗೊತ್ತಾಗಲಿಲ್ಲ.

ಕೊನೆಗೆ ನಡುವಿನ ತೆಳುವಾದ ಎಳೆ ಕಡಿಯಿತು. ಎರಡು ಪುಟ್ಟ ಅನಿಮೋನ್‌ಗಳು ಕಲ್ಲಿನ ಎರಡು ಬದಿಗೆ ಸರಿದು, ಸೀಳಿದ ಅಂಚನ್ನು ಮೆಲ್ಲಗೆ ಒಳಕ್ಕೆ ಸುತ್ತಿಕೊಂಡವು. ಮೊದಲು ಒಂದರ, ಆಮೇಲೆ ಇನ್ನೊಂದರ ತುದಿಬೆರಳುಗಳು ಅಲುಗಿದವು.

ಮೇಯರ್ ಮಾತ್ರ ದಿಕ್ಕು ತಪ್ಪಿದ್ದ. ಈ ಮನೆಗೆ ಬರುತ್ತಾನೆ, ಆ ಮನೆಗೆ ಓಡುತ್ತಾನೆ, ಮತ್ತೆ ನಡುವೆ ನಿಂತು ಬಾಲ ಆಡಿಸುತ್ತಾನೆ.

ಲೆವಿನಾ ನಕ್ಕುಬಿಟ್ಟಳು. ರೂಲೋಫ್ ಕೂಡ ನಕ್ಕ. ನಗುತ್ತಲೇ ಅಂಗೈಯಿಂದ ಕಣ್ಣೊರೆಸಿಕೊಂಡ.

"ನಾಳೆ ವ್ಯಾನ್ ಯಾಕೆ?" ಅವಳು ಮೆಲ್ಲಗೆ ಕೇಳಿದಳು.

"ನನ್ನ ಕೆಲಸದ ಮೇಜು, ಉಳಿ, ಗರಗಸ ಎಲ್ಲ ತರೋಕೆ. ಇಲ್ಲೇ ಪಕ್ಕದ ಮಿಡಲ್‌ಬರ್ಗ್‌ನಲ್ಲಿ ಮೆಟ್ಟಿಲು ಮಾಡೋ ಕಾರ್ಖಾನೇಲಿ ಕೆಲಸ ಕೇಳಿದೀನಿ. ಅವತ್ತು ಹೇಳೋಕೆ ಹೊರಟಿದ್ದು ಅದನ್ನೇ. ನೀನು ಕೋಟು ಹಾಕ್ಕೊಂಡೆ."

ಲೆವಿನಾ ತಲೆ ತಗ್ಗಿಸಿದಳು. "ನೀನು ಬೇರೆ ಏನಾದ್ರೂ ಹೇಳ್ತೀಯೇನೋ ಅಂತ ಹೆದರಿದ್ದೆ."

"ಏನು ಹೇಳ್ತೀನಿ ಅಂತ?"

"ಹೋಗ್ತೀನಿ ಅಂತ."

ರೂಲೋಫ್ ಅವಳ ಕಡೆ ತಿರುಗಿ ಕೂತ. "ನೀನು ಬರದೇ ಇರೋ ಸಂಜೆ ನನಗೆ ಈ ಮನೇಲಿ ಉಸಿರು ಕಟ್ಟುತ್ತೆ, ಲೆವಿನಾ. ಆ ಕಿಟಕೀಲಿ ನಿನ್ನ ಮುಖ ಕಾಣೋವರೆಗೂ ಸೂಪ್ ಬಿಸಿ ಮಾಡಲ್ಲ ನಾನು. ನಾನು ಇಲ್ಲೇ ಇರ್ತೀನಿ. ನೀನು ಬೇಡ ಅಂದ್ರೆ ಮಾತ್ರ..."

"ಬೇಡ ಅನ್ನಲ್ಲ," ಎಂದಳು ಅವಳು, ಅವನು ಮಾತು ಮುಗಿಸುವ ಮೊದಲೇ. ಹೇಳಿದ ಮೇಲೆ ಅವಳಿಗೇ ಹಗುರವೆನಿಸಿತು. ಅವನ ಭುಜಕ್ಕೆ ಹಣೆಯಿಟ್ಟಳು. ಉಳಿ ಮುಟ್ಟದೆ ತಿಂಗಳುಗಳಾಗಿದ್ದರೂ ಬಟ್ಟೆಯಲ್ಲಿ ಮರದ ಪುಡಿಯ ವಾಸನೆಯಿತ್ತು.

"ಇದ್ರಲ್ಲಿ ಒಂದು ಡೀನಾದು," ಎಂದ ಅವನು ಗಾಜಿನತ್ತ ಬೆರಳು ತೋರಿಸಿ. "ಇನ್ನೊಂದಕ್ಕೆ ಮನೆ ಇಲ್ಲ."

"ನನ್ನ ಶೆಡ್ಡಲ್ಲಿ ಒಂದು ತೊಟ್ಟಿ ಇದೆ."

"ಅದಕ್ಕೆ ಗಟ್ಟಿ ಸ್ಟ್ಯಾಂಡ್ ಬೇಕು. ನಾನು ಮಾಡ್ತೀನಿ. ನೀರು ಹಳೆಯದಾಗೋಕೆ ಎಷ್ಟು ದಿನ ಅಂದೆ?"

ಲೆವಿನಾ ತಲೆ ಎತ್ತಲಿಲ್ಲ. "ಒಂದು ವರ್ಷ."

"ಅವತ್ತು ಅರ್ಧ ವರ್ಷ ಅಂದಿದ್ದೆ?"

"ಅವತ್ತು ನೀನು ಊರಿಗೆ ಹೋಗೋನಾಗಿದ್ದೆ."

"ಹಾಗಾದ್ರೆ ಎರಡು ವರ್ಷ ಬಿಡೋಣ," ಎಂದ ರೂಲೋಫ್ ಗಂಭೀರವಾಗಿ. "ನೀರಿನ ವಿಷಯದಲ್ಲಿ ಅವಸರ ಒಳ್ಳೇದಲ್ಲ."

ಅವನು ಎದ್ದು ಹೋಗಿ ಪರದೆಯನ್ನು ಪೂರ್ತಿ ಸರಿಸಿದ. ಬೀದಿದೀಪದ ಕೆಳಗೆ ದಿಂಗೆಮಾನ್ಸೆ ಅಜ್ಜಿ ನಿಂತಿದ್ದಳು. ಹಾದುಹೋಗುತ್ತಿರಲಿಲ್ಲ, ಕಣ್ಣು ಹಾಯಿಸುತ್ತಿರಲಿಲ್ಲ, ಬೀದಿಯ ಕಟ್ಟುಪಾಡನ್ನೆಲ್ಲ ಗಾಳಿಗೆ ತೂರಿ ನೇರವಾಗಿ ನಿಂತು ನೋಡುತ್ತಿದ್ದಳು. ರೂಲೋಫ್ ವಾಪಸು ಬಂದು ಲೆವಿನಾಳ ಪಕ್ಕ ಕೂತು, ಅವಳ ಕೈಯನ್ನು ಮತ್ತೆ ಹಿಡಿದುಕೊಂಡ.

"ಅಜ್ಜಿ ನಿಂತು ನೋಡ್ತಿದಾರೆ," ಎಂದ ಪಿಸುಮಾತಿನಲ್ಲಿ. "ಪರದೆ ಎಳೀಲಾ?"

"ಬೇಡ," ಎಂದಳು ಲೆವಿನಾ. "ನೋಡ್ಲಿ ಬಿಡು."