ಹೆಸರು ಬೇಡ, ಖಾನಾಪುರ

ಮಾಸಪತ್ರಿಕೆಯ ಕೊನೆಯ ಸಂಚಿಕೆ ಸಂಜೆ ನಾಲ್ಕಕ್ಕೆ ಪ್ರೆಸ್ಸಿಗೆ ಹೋಗಬೇಕಿತ್ತು. ಮೂರೂವರೆಗೆ ‘ಕಾಂತಕ್ಕ’ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಅಂದರೆ, ಮಯೂರ ಬಂದ.

ಓದುಗರಿಗೆ ಈ ಗುಟ್ಟು ಗೊತ್ತಿರಲಿಲ್ಲ. ‘ಕಾಂತಕ್ಕನಿಗೆ ಹೇಳಿ’ ಅಂಕಣದಲ್ಲಿ ಆರು ವರ್ಷದಿಂದ ಹೆಣ್ಣುಮಕ್ಕಳ ಕಣ್ಣೀರು ಒರೆಸುತ್ತಿದ್ದವನು ಖಾನಾಪುರದ ಈ ಮೀಸೆ ಮಾಸ್ತರ. ಕಾಂತಕ್ಕ ಹೇಳಿದಳೆಂದು ಮದುವೆ ನಿಶ್ಚಯ ಮುರಿದವರಿದ್ದರು, ಬಿಟ್ಟ ಕಾಲೇಜಿಗೆ ಮತ್ತೆ ಸೇರಿದವರಿದ್ದರು.

ಇನ್ನೊಂದು ಗುಟ್ಟು ಮಯೂರನಿಗೂ ಗೊತ್ತಿರಲಿಲ್ಲ. ಓದುಗರೆಲ್ಲ ಮೊಬೈಲ್ ಹಿಡಿದ ಮೇಲೆ ಪತ್ರಗಳು ನಿಂತವು. ಸಂಪಾದಕ ಬಸಲಿಂಗಪ್ಪ, “ಪತ್ರ ಬರ್ಲಿಲ್ಲಂದ್ರ ನೀನ ಒಂದು ಬರದ ಹಾಕವಾ” ಎಂದರು. ಉಪಸಂಪಾದಕಿ ಪೂರ್ಣಿಮಾ ಬರೆದಳು. ಸುಳ್ಳು ಬರೆಯಲು ಕೂತವಳು, ಬೆಳಗಾವಿಯ ಮಹಾಂತೇಶ ನಗರದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಣ್ಣುವ ತನ್ನ ಕಥೆಯನ್ನೇ ಬರೆದಳು. ಕೆಳಗೆ ‘ಹೆಸರು ಬೇಡ, ಖಾನಾಪುರ’ ಎಂದು ಹಾಕಿದಳು. ಬೆಳಗಾವಿ ಎಂದು ಹಾಕಲು ಧೈರ್ಯ ಬರಲಿಲ್ಲ.

ಹೀಗೆ ಹದಿನೇಳು ಪತ್ರ. ಕೊನೆಯದರಲ್ಲಿ ಕೇಳಿದ್ದಳು: ‘ನನಗೊಬ್ಬರು ಇಷ್ಟವಾಗಿದ್ದಾರೆ. ಕೆಲಸದ ಮೇಲೆ ಫೋನಿನಲ್ಲಿ ಮಾತಾಡುತ್ತೇವೆ, ಅಷ್ಟೇ. ಹೇಳಲೇ, ಅಕ್ಕಾ?’ ಆ ‘ಒಬ್ಬರು’ ಮಯೂರನೇ. ಅವನ ಉತ್ತರ ನಿನ್ನೆ ಬಂದಿತ್ತು: ‘ಹೇಳಬೇಡ ತಂಗಿ. ಮರೆತುಬಿಡು.’ ಅದನ್ನು ತಾನೇ ಪುಟಕ್ಕೆ ಹಾಕಿ, ಬಾತ್‌ರೂಮಿಗೆ ಹೋಗಿ ಅತ್ತು ಬಂದಿದ್ದಳು.

“ಬರ್ರಿ ಸರ್, ಕುಂದರ್ರಿ. ಚಾ ತರಸ್ಲೇನು?” ಎಂದಳು ಪೂರ್ಣಿಮಾ.

“ಚಾ ಬ್ಯಾಡ್ರೀ. ನನ್ನ ಉತ್ತರ ತಗೀರಿ. ಅದು ಸುಳ್ಳ ಐತಿ.”

ಅವಳ ಕೈ ಕೀಬೋರ್ಡಿನ ಮೇಲೆ ನಿಂತಿತು.

“ಆಕಿ ಯಾರನ್ನೋ ಪ್ರೀತಿ ಮಾಡ್ತಾಳಂದ ಕೂಡ್ಲೆ ಹೊಟ್ಟಿಕಿಚ್ಚಾತು,” ಅವನು ನೆಲ ನೋಡುತ್ತಾ ಹೇಳಿದ. “ನಗಬ್ಯಾಡ್ರಿ ಮತ್ತ. ಬಜಾರದಾಗ, ಸ್ಟೇಷನ್ನಿನಾಗ, ಒಬ್ಬಾಕಿನ ನಿಂತಾಕಿನ್ನ ನೋಡಿದ್ರ ಈಕಿನ ಇರಬೇಕು ಅನಸ್ತೈತಿ. ಪತ್ರಿಕಿ ನಿಂತ್ರ ಆಕಿ ನನಗ ಸಿಗೂದಿಲ್ಲ. ಲಕೋಟಿ ಮ್ಯಾಲೆ ವಿಳಾಸ ಇದ್ರ ಕೊಡ್ರಿ.”

ಪೂರ್ಣಿಮಾಳಿಗೆ ನಗು ಬಂತು, ಅದರ ಬೆನ್ನಿಗೇ ಹೆದರಿಕೆ. ಪ್ರತಿ ತಿಂಗಳು ಫೋನಿನಲ್ಲಿ ಸಿಗುತ್ತಿದ್ದವಳನ್ನು ಬಿಟ್ಟು ಇವನು ಊರೆಲ್ಲ ಹುಡುಕಿದ್ದಾನೆ. ಹೇಳಿದರೆ ತಾನು ಮೋಸಗಾರ್ತಿ. ಹೇಳದಿದ್ದರೆ ನಾಳೆಯಿಂದ ಆ ಫೋನೂ ಇಲ್ಲ.

“ಲಕೋಟಿ ಇಲ್ರಿ ಸರ್. ಆ ಪತ್ರ ನಾನ ಬರದೇನಿ.”

“ಎಲ್ಲಾ?”

“ಹದಿನೇಳೂ.”

ಅವನು ಈಗ ಕುರ್ಚಿಯಲ್ಲಿ ಕುಳಿತ. “ಅಂದ್ರ... ಕೆಲಸಕ್ಕಂತ ಬರದದ್ದು. ಖರೇ ಅಲ್ಲ.”

“ಊರೊಂದ ಸುಳ್ಳ ರೀ. ಉಳದದ್ದೆಲ್ಲಾ ಖರೇ.”

ಕೊನೆಯ ಪತ್ರ ನೆನಪಾಯಿತೇನೋ, ಅವನ ಕಿವಿ ಕೆಂಪಗಾದವು. “ಹಂಗಾದ್ರ ಆ ಫೋನಿನ ಮನಷ್ಯಾ...”

ಪೂರ್ಣಿಮಾ ಅವನ ಉತ್ತರವನ್ನು ಅಳಿಸಿ, ಸ್ಕ್ರೀನನ್ನು ಅವನತ್ತ ತಿರುಗಿಸಿದಳು. “ಇನ್ನ ಇಪ್ಪತ್ತು ನಿಮಿಷ ಐತಿ. ಈಗರೆ ಖರೇ ಬರೀರಿ.”

ಆರು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವನು ಒಂದು ಸಾಲು ಟೈಪ್ ಮಾಡಿ ಅಳಿಸಿದ. ಮತ್ತೊಂದು ಮಾಡಿದ, ಅದನ್ನೂ ಅಳಿಸಿದ.

“ಬರಿಯಾಕ ಬರವಲ್ದ್ರೀ ನನಗ,” ಎಂದ. “ಬಾಯಿಲೇ ಹೇಳ್ತೇನಿ. ಛಾಪಿಸಬ್ಯಾಡ್ರಿ ಮತ್ತ.”

ಕೊನೆಯ ಸಂಚಿಕೆಯಲ್ಲಿ ಆ ಪ್ರಶ್ನೆಯ ಕೆಳಗೆ ಉತ್ತರದ ಜಾಗ ಖಾಲಿಯೇ ಇತ್ತು. ಅಚ್ಚಿನ ತಪ್ಪು ಎಂದುಕೊಂಡವರೇ ಹೆಚ್ಚು.