ನೂರನೇ ಸಲ ಹೊಳೆ ದಾಟಿದಾಗ

"ನಮ್ಮಣ್ಣ ಎಲ್ಲಿ?"

ಹರಿಹರದ ಆ ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ವಾಣಿಶ್ರೀ ಕೇಳಿದ್ದು ಅಷ್ಟೇ. ಪರದೆಯ ಮೇಲೆ ಹೊಳೆ ಇತ್ತು, ದೋಣಿ ಇತ್ತು. ಅಂಬಿಗ ಇರಲಿಲ್ಲ.

ಅಂಗಡಿಯ ಬಸವಕಿರಣ್ ಹೆಡ್‌ಫೋನ್ ತೆಗೆದಿಟ್ಟ. ಅವನ ಕಣ್ಣು ಕೆಂಪಾಗಿದ್ದವು. ಅವಳು ಅದನ್ನು ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನೋಡಲಿಲ್ಲ, ಏನು ಮಾಡೋಣ!

"ಆಟಕ್ಕೆ ಜೋಡಿಸಿದ್ದ ಮಾಡ್‌ಗಳನ್ನ ಒಂದೊಂದೇ ತೆಗೆದು ನೋಡ್ತಿದ್ದೆ ರೀ... ಅಂಬಿಗನ್ನ ತೆಗೆದ್ ಮ್ಯಾಲೆ ಆಟ ಸರಿಯಾತು."

"ನಿಮಗೆ ಆಟ ಬೇಕಾಗಿತ್ತು. ನನಗೆ ಅವನು ಬೇಕಾಗಿದ್ದ."

ಅವನು ಮುಖ ತಿರುಗಿಸಿ ಹೆಡ್‌ಫೋನಿನ ವೈರು ಸುತ್ತತೊಡಗಿದ. ಅದನ್ನೇ ಅವಳು ತಪ್ಪೊಪ್ಪಿಗೆ ಅಂದುಕೊಂಡಳು.

ಅಣ್ಣ ಕೊಟ್ರೇಶ್ ತೀರಿಕೊಂಡು ನಾಲ್ಕು ತಿಂಗಳು. ಅವನು ಗೆಳೆಯ ಕಿರಣ್ ಜೊತೆ ಸೇರಿ ತನ್ನ ಪ್ರೀತಿಯ ರೋಲ್ ಪ್ಲೇಯಿಂಗ್ ಕಂಪ್ಯೂಟರ್ ಆಟಕ್ಕೆ ಅರವತ್ತು ಮಾಡ್ ಸೇರಿಸಿದ್ದ. ಹೊಸ ಊರು, ಹೊಸ ಜನ, ಎಲ್ಲ ಅವರೇ ಮಾಡಿದ್ದು. ಅದರಲ್ಲೊಬ್ಬ ಅಂಬಿಗ. ಅವನಿಗೆ ಕೊಟ್ರೇಶನದೇ ದನಿ.

"ಬಾರವ್ವ ವಾಣಿ, ಕೂಡು. ನೀರು ಮುಟ್ಟಬ್ಯಾಡ, ಥಂಡಿ ಐತೆ."

ಅಷ್ಟು ಕೇಳಲೆಂದೇ ಅವಳು ದಿನಾ ಬೆಳಿಗ್ಗೆ ಆಟದಲ್ಲಿ ಹೊಳೆ ದಾಟುತ್ತಿದ್ದಳು. ಒಂದು ದಿನ ದೋಣಿ ಹತ್ತಿದ್ದೇ ಆಟ ತಾನಾಗಿ ಮುಚ್ಚಿಕೊಂಡಿತು. ಆಮೇಲೆ ಪ್ರತಿ ಸಲವೂ ಹಾಗೇ. ರಿಪೇರಿಗೆಂದು ಕಿರಣ್ ಹತ್ತಿರ ಬಂದವಳು ಮೂರೇ ವಾರದಲ್ಲಿ ಆಟದ ನೆಪವಿಲ್ಲದೆಯೂ ಬರತೊಡಗಿದ್ದಳು.

'ಇಂಥವನನ್ನ ನಂಬಿದೆನಲ್ಲ...' ಸ್ಕೂಟಿಯಲ್ಲಿ ಮನೆಗೆ ಹೊರಟವಳು ದಾರಿಯ ಬಾತಿ ಊರು ದಾಟುವಾಗ ಹೆಲ್ಮೆಟ್ಟಿನೊಳಗೇ ಅತ್ತಳು.

ನಾಲ್ಕು ದಿನ ಫೋನ್ ಎತ್ತಲಿಲ್ಲ. ಐದನೇ ದಿನ ಬೆಳಿಗ್ಗೆ ನಿಟ್ಟುವಳ್ಳಿಯ ಮನೆ ಬಾಗಿಲಲ್ಲಿ ಅವಳ ಲ್ಯಾಪ್‌ಟಾಪ್ ಹಿಡಿದು ಕಿರಣ್ ನಿಂತಿದ್ದ. ಅವಳ ಅಮ್ಮ ಬಸವಣ್ಣೆಮ್ಮ "ಬಾರಪ್ಪ, ಕೂಡು" ಎಂದು ಚಹಾ ಇಡಲು ಒಳಗೆ ಹೋದರು.

"ಅಂಬಿಗನ್ನ ವಾಪಸ್ ಹಾಕೀನಿ. ಆಟ ಕೆಡಿಸ್ತಿದ್ದದ್ದು ಒಂದೇ ಒಂದು ಆಡಿಯೋ. ಕೊಟ್ರೇಶ್ ಆಸ್ಪತ್ರ್ಯಾಗೆ ಫೋನಲ್ಲಿ ರೆಕಾರ್ಡ್ ಮಾಡಿ, ನನಗೂ ಹೇಳ್ದೆ, ಆಟಕ್ಕೆ ಹೊಂದಿಸ್ದೆ ಹಂಗೇ ಸೇರಿಸಿದ್ದ. ನೀವು ನೂರನೇ ಸಲ ದಾಟಿದಾಗ ಕೇಳ್ಬೇಕಂತ."

"ಅವತ್ತೇ ಯಾಕ ಹೇಳ್ಲಿಲ್ಲ?"

"ಆಗಷ್ಟೇ ಅದನ್ನ ಕೇಳಿದ್ದೆ ರೀ. ಮಾತೇ ಹೊರಡ್ಲಿಲ್ಲ."

ಅವಳು ಆಟ ತೆರೆದು ದೋಣಿ ಹತ್ತಿದಳು. ಈ ಸಲ ಆಟ ಮುಚ್ಚಿಕೊಳ್ಳಲಿಲ್ಲ. ದಡ ಹತ್ತಿರವಾದಾಗ ಏದುಸಿರಿನ ದನಿ ಕೇಳಿಸಿತು.

"ವಾಣಿ, ನೂರು ಸಲ ಆತು. ಇನ್ನ ಇಳಿಯವ್ವ. ದಿನಾ ನನ್ ದೋಣ್ಯಾಗೇ ಕುಂತ್ರೆ ಹೆಂಗೆ? ನೀ ಇಳಿದ್ರೆ ನಾನೂ ಹೊಂಟೆ."

ವಾಣಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಕಿರಣ್ ಸಮಾಧಾನ ಹೇಳಲಿಲ್ಲ. ಅವನೂ ಅಳುತ್ತಿದ್ದ.

ಎಷ್ಟೋ ಹೊತ್ತಿನ ಮೇಲೆ ಅವಳು ದಡಕ್ಕಿಳಿದಳು. ಅಂಬಿಗ ಖಾಲಿ ದೋಣಿ ತಿರುಗಿಸಿಕೊಂಡು ಹೋದ. ಕಾಣುವಷ್ಟು ದೂರ ಇಬ್ಬರೂ ನೋಡಿದರು.

"ನಾ ಅಂದದ್ದು ತಪ್ಪಾತು," ಎಂದಳು.

"ಅದನ್ನ ಬಿಡ್ರಿ. ನಾಕು ದಿನ ನಿಮ್ಮನ್ನ ನೋಡ್ದೆ ಇರಕ್ಕೆ ನನ್ ಕೈಲಿ ಆಗ್ಲಿಲ್ಲ."

"ನಾಳೆ ದೋಣಿ ಹತ್ತಲ್ಲ ನಾನು. ಹರಿಹರಕ್ಕೆ ಬರ್ತೀನಿ. ರಿಪೇರಿಗೆ ಏನೂ ತರಲ್ಲ... ಬರ್ಲಾ?"

ಅವನು ಕಣ್ಣೊರೆಸಿಕೊಂಡ.

"ಬಾ, ವಾಣಿ."